ಮಾಗಿಯ ದಾರಿಯ ಓಟಗಾರರು

ಹಳೆಯ ಮಹಾಕಾವ್ಯಗಳಲ್ಲಿ ಋತುವರ್ಣನೆ ಇರಲೇಬೇಕೆಂಬುದು ಲಾಕ್ಷಣಿಕರ ಕಟ್ಟಳೆ. ಹೇಮಂತ ಬಂದಿತೆಂದರೆ ಸಾಕು, ಕವಿಯ ಸರೋವರದಲ್ಲಿ ತಾವರೆಗಳು ಹಿಮದ ಹೊಡೆತಕ್ಕೆ ಸಿಕ್ಕಿ ಕಂದಿಹೋಗುತ್ತವೆ. ಆ ಕನ್ನಡ ಕವಿಗಳಲ್ಲಿ ಹಿಮವನ್ನು ಕಣ್ಣಾರೆ ಕಂಡವರು ಎಷ್ಟು ಜನರೋ! ಘಟಪ್ರಭೆಯ ಬಯಲಿನಲ್ಲಂತೂ ಹಿಮ ಬೀಳುವುದಿಲ್ಲ, ಕೆರೆಯ ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ಚಳಿ ಬೀಳುತ್ತದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ಎಂಬ ಮೂರು ಊರುಗಳ ನಡುವಿನ ದಾರಿಯಲ್ಲಿ, ಮಾರ್ಗಶಿರ ಪುಷ್ಯಮಾಸಗಳ ನಸುಕಿನಲ್ಲಿ ಒಮ್ಮೆ ಪಯಣಿಸಿದವನಿಗೆ, ಕವಿಸಮಯವೆಂದು ಬದಿಗಿರಿಸಿದ ಆ ಮಾತುಗಳಲ್ಲಿ ಅಷ್ಟಿಷ್ಟು ಸತ್ಯವೂ ಇದೆಯೆಂದು ತೋರದೆ ಇರದು.

ಈ ಸೀಮೆಯ ಜನ ಚಳಿ ಎನ್ನುವುದಕ್ಕಿಂತ ಹೆಚ್ಚಾಗಿ 'ಥಂಡಿ' ಎನ್ನುತ್ತಾರೆ. ದೀಪಾವಳಿಯ ಎಣ್ಣೆನೀರಿನೊಡನೆ ಊರು ಹೊಕ್ಕ ಥಂಡಿ ಸಂಕ್ರಮಣದ ಹೊತ್ತಿಗೆ ಮನೆಯ ಯಜಮಾನನಂತೆ ಕುಳಿತುಬಿಡುತ್ತದೆ. ಶಿವರಾತ್ರಿಗೆ 'ಶಿವಶಿವಾ' ಎಂದು ಹೊರಟುಹೋಗುತ್ತದೆಂದು ಗಾದೆ. ಪಡುವಣ ದಿಕ್ಕಿನ ಸಹ್ಯಾದ್ರಿಯಿಂದ ಮೂಡಣಕ್ಕೆ ನೆಲ ಮೆಲ್ಲಮೆಲ್ಲನೆ ಇಳಿಯುವ ಈ ಪ್ರದೇಶದಲ್ಲಿ ಮಳೆಗಾಲ ಮುಗಿಯುತ್ತಲೇ ಗಾಳಿ ಒಣಗುತ್ತದೆ, ಆಕಾಶ ತಿಳಿಯಾಗುತ್ತದೆ. ಹಗಲೆಲ್ಲ ಹೀರಿದ ಬಿಸಿಲನ್ನು ನೆಲ ಇರುಳಿನಲ್ಲಿ ಬಾನಿಗೆ ಬಿಟ್ಟುಕೊಡುತ್ತದೆ. ಅದನ್ನು ತಡೆದು ಹೊದಿಸಲು ಮೋಡವೆಂಬ ಕಂಬಳಿ ಇಲ್ಲ. ಆದುದರಿಂದಲೇ ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ಸಿನ ಸಮೀಪವಿರುವ ಉಷ್ಣತೆ ಬೆಳಗಿನ ಜಾವಕ್ಕೆ 15ರ ಕೆಳಗೆ ಇಳಿಯುತ್ತದೆ. ಬಡಗಣ ಗಾಳಿ ಬೀಸಿದ ಕೆಲವು ದಿನ 10ರ ಹತ್ತಿರಕ್ಕೂ ಬರುತ್ತದೆ. ಹೊಳೆಯ ತಗ್ಗುಗಳಲ್ಲಿ ಮಂಜು ಕಟ್ಟಿ ಎದುರಿಗೆ ಬರುವ ಎತ್ತಿನ ಕೊಂಬು ಕಾಣುವ ಮೊದಲು ಕೊರಳಗಂಟೆ ಕೇಳಿಸುತ್ತದೆ.

ಇದನ್ನು ಚಳಿಯೆಂದು ಕರೆದರೆ ನಕ್ಕುಬಿಡುವ ಅತಿಥಿಗಳೂ ಇದೇ ದಾರಿಯಲ್ಲಿ ಇದ್ದಾರೆ. ಗೋಕಾಕದ ಬಳಿಯ ಧೂಪದಾಳದಲ್ಲಿ ಘಟಪ್ರಭೆಗೆ ಕಟ್ಟಿದ ಹಳೆಯ ಒಡ್ಡಿನ ಹಿನ್ನೀರಿಗೆ, ಮಧ್ಯ ಏಷ್ಯದ ಹಿಮದ ಬಯಲುಗಳನ್ನು ತೊರೆದು ಕ್ರೌಂಚಪಕ್ಷಿಗಳು ಬಂದಿಳಿಯುತ್ತವೆ. ಅವುಗಳ ಪಾಲಿಗೆ ಗೋಕಾಕದ ಥಂಡಿ ಬೇಸಗೆಯ ವಿಹಾರವಿದ್ದಂತೆ. ಚಳಿ ಎಂಬುದು ಎಲ್ಲಿಂದ ಬಂದವರು ಅಳೆಯುತ್ತಾರೆಂಬುದರ ಮೇಲೆ ನಿಂತ ಮಾತು.

ಹುಕ್ಕೇರಿಯಿಂದ ಹೊರಡುವುದು ಒಳ್ಳೆಯದು. 'ಹೂವಿನಕೇರಿ' ಎಂಬುದೇ ಸವೆದು ಹುಕ್ಕೇರಿಯಾಯಿತೆಂದು ಊರಿನವರ ನಂಬಿಕೆ. ಆದಿಲ್‌ಶಾಹಿ ಕಾಲದ ಗುಮ್ಮಟಗಳು ಮಂಜಿನಲ್ಲಿ ಬುಡವಿಲ್ಲದೆ ತೇಲುತ್ತಿರುವಂತೆ ಕಾಣುವ ಹೊತ್ತು ಅದು. ಮನೆಗಳೊಳಗೆ ಜನ ಇನ್ನೂ ಕೌದಿಯಿಂದ ಹೊರಬಂದಿರುವುದಿಲ್ಲ. ಅಜ್ಜಿಯ ಹಳೆಯ ಸೀರೆ, ಅಪ್ಪನ ಹರಿದ ಧೋತರ, ಮಗುವಿನ ಅಂಗಿ ಎಲ್ಲವನ್ನೂ ಪದರಪದರವಾಗಿ ಸೇರಿಸಿ ಹೊಲಿದ ಕೌದಿಯ ಬಿಸುಪನ್ನು ಬಿಟ್ಟೇಳುವುದು ಸಾಮಾನ್ಯ ಸಂಕಲ್ಪದಿಂದ ಆಗುವ ಕೆಲಸವಲ್ಲ. ಎದ್ದವರು ಮೊದಲು ಮಾಡುವ ಕೆಲಸ ಬೆಂಕಿ ಕಾಯಿಸುವುದು. ಬೀದಿಯ ತಿರುವಿನಲ್ಲಿ, ಗುಡಿಯ ಕಟ್ಟೆಯ ಕೆಳಗೆ, ಹೊಲದ ಬದುವಿನ ಮೇಲೆ ಕಬ್ಬಿನ ಒಣ ರವದಿ ಚಟಚಟನೆ ಉರಿಯುತ್ತದೆ. ಸುತ್ತ ನಾಲ್ಕಾರು ಹಿರಿಯರು ತಲೆಗೆ ಟಾವೆಲ್ಲು ಸುತ್ತಿ, ಕಂಬಳಿ ಹೊದ್ದು, ಅಂಗೈಗಳನ್ನು ಜ್ವಾಲೆಗೆ ಒಡ್ಡಿ ಕುಳಿತಿರುತ್ತಾರೆ.

ಆ ಬೆಂಕಿಯ ಬೆಳಕನ್ನು ಹಾಯ್ದು, ಬನಿಯನ್ನು ಚಡ್ಡಿಗಳಲ್ಲಿ, ಬಾಯಿಂದ ಬಿಳಿಯ ಉಗಿಯಾಡಿಸುತ್ತ ಹತ್ತಿಪ್ಪತ್ತು ಹುಡುಗರು ಓಡಿಹೋಗುತ್ತಾರೆ. ಕೆಲವರ ಕಾಲಿಗೆ ಬೂಟು, ಕೆಲವರದು ಬರಿಗಾಲು.

"ಏ ತಮ್ಮಾ, ಥಂಡಿ ಭಾಳ ಐತಿ, ಒಂದೀಟು ಕಾಸ್ಕೊಂಡ ಹೋಗ್ರೋ" ಎಂದು ಬೆಂಕಿಯ ಬಳಿಯಿಂದ ಯಾರೋ ಕೂಗುತ್ತಾರೆ.

"ಒಲ್ಲೇರಿ ಕಾಕಾ, ನಿಂತ್ರ ಮೈ ಆರತೈತಿ" ಎಂಬ ಉತ್ತರ ಮಂಜಿನೊಳಗಿನಿಂದ ಬರುತ್ತದೆ. ಆಡಿದವನು ಆಗಲೇ ಕಾಣದಾಗಿರುತ್ತಾನೆ.

ಈ ಒಂದು ಮಾತಿನಲ್ಲಿ ಶರೀರಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ. ಓಡುವವನ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮಾತ್ರ ಮೈಯನ್ನು ಮುಂದಕ್ಕೆ ಒಯ್ಯುತ್ತದೆ. ಉಳಿದುದೆಲ್ಲ ಶಾಖವಾಗಿ ಹೊಮ್ಮುತ್ತದೆ. ಓಟಗಾರನೆಂದರೆ ತನ್ನ ಒಲೆಯನ್ನು ತಾನೇ ಹೊತ್ತು ನಡೆಯುವವನು. ಬೇಸಗೆಯಲ್ಲಿ ಆ ಶಾಖವನ್ನು ಹೊರಹಾಕುವುದೇ ದೇಹಕ್ಕೆ ದೊಡ್ಡ ಸಂಕಟ. ನೆತ್ತರಿನ ಒಂದು ಪಾಲು ಸ್ನಾಯುಗಳನ್ನು ಬಿಟ್ಟು ತೊಗಲಿನತ್ತ ಹರಿಯಬೇಕು, ಬೆವರು ಸುರಿಯಬೇಕು, ಹೃದಯ ಇಮ್ಮಡಿಯಾಗಿ ದುಡಿಯಬೇಕು. ಚಳಿಯಲ್ಲಿ ಸುತ್ತಣ ಗಾಳಿಯೇ ಆ ಕೆಲಸವನ್ನು ಮಾಡಿಕೊಡುತ್ತದೆ. ಜಗತ್ತಿನ ದೊಡ್ಡ ಮ್ಯಾರಥಾನ್ ಓಟಗಳನ್ನು ಪರಿಶೀಲಿಸಿದವರು, ದೂರದ ಓಟಕ್ಕೆ 10 ಡಿಗ್ರಿಯ ಆಸುಪಾಸಿನ ಹವೆ ಅತ್ಯುತ್ತಮವೆಂದು ಕಂಡುಕೊಂಡಿದ್ದಾರೆ. ಎಂದಮೇಲೆ ಹುಕ್ಕೇರಿಯ ಪುಷ್ಯಮಾಸದ ನಸುಕು ಓಟಗಾರನಿಗೆ ಶತ್ರುವಲ್ಲ; ಹೇಳಿ ಮಾಡಿಸಿದ ಸ್ನೇಹಿತ.

ಸ್ನೇಹಿತನಾದರೂ ಅವನ ಸ್ವಭಾವವನ್ನು ಅರಿತಿರಬೇಕು. ಚಳಿಗೆ ತೊಗಲಿನ ರಕ್ತನಾಳಗಳು ಕುಗ್ಗುತ್ತವೆ, ಬೆರಳುಗಳು, ಕಿವಿಗಳು ಮರಗಟ್ಟುತ್ತವೆ, ಕೀಲುಗಳು ಬಿಗಿದಿರುತ್ತವೆ. ಹಾಸಿಗೆಯಿಂದೆದ್ದವನು ಒಮ್ಮೆಲೇ ಜಿಗಿದು ಓಡಿದರೆ ಮೀನಖಂಡ ಹಿಡಿದುಕೊಳ್ಳುವುದು ಖಂಡಿತ. ಬಲ್ಲವರು ಹತ್ತು ನಿಮಿಷ ನಡೆದು, ಮೈ ಬಿಚ್ಚಿ, ಆಮೇಲೆ ಓಟಕ್ಕಿಳಿಯುತ್ತಾರೆ. ಒಣಗಿದ ತಣ್ಣನೆಯ ಗಾಳಿ ಗಂಟಲನ್ನು ಕೆರೆಯುತ್ತದೆ. ಮೊದಲ ಮೈಲಿಯಲ್ಲಾದರೂ ಮೂಗಿನಿಂದಲೇ ಉಸಿರೆಳೆದರೆ ಗಾಳಿ ಬೆಚ್ಚಗಾಗಿ, ತೇವವಾಗಿ ಒಳಸೇರುತ್ತದೆ. ಚಳಿಯಲ್ಲಿ ಬಾಯಾರಿಕೆ ತೋರುವುದಿಲ್ಲ, ಆದರೆ ನೀರು ಮೈಯಿಂದ ಹೋಗುತ್ತಲೇ ಇರುತ್ತದೆ. ಉಬ್ಬಸದವರು, ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ನಸುಕಿನ ಚಳಿಯಲ್ಲಿ ಓಡತಕ್ಕದ್ದಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಆ ಹುಡುಗ ಹೇಳಿದ ಮಾತು. ಓಟ ನಿಂತ ಕ್ಷಣದಿಂದ ಒಲೆ ಆರತೊಡಗುತ್ತದೆ. ಬೆವರಿನಿಂದ ತೊಯ್ದ ಬಟ್ಟೆ ಮೈಗಂಟಿ ಇದ್ದ ಶಾಖವನ್ನೂ ಹೀರುತ್ತದೆ. ಒಣ ಅಂಗಿಯೊಂದನ್ನು ಕಟ್ಟೆಯ ಮೇಲಿಟ್ಟು ಬಂದವನೇ ಜಾಣ.

ಈ ಹುಡುಗರು ಯಾರು? ವಿನೋದಕ್ಕಾಗಿ ಓಡುವವರು ಇವರಲ್ಲಿ ಕಡಮೆ. ಹೆಚ್ಚಿನವರು ಒಂದೆರಡು ಎಕರೆ ಹೊಲದ ರೈತರ ಮಕ್ಕಳು, ಕೂಲಿಕಾರರ ಮಕ್ಕಳು. ಕಣ್ಣು ಸೈನ್ಯದ ಮೇಲೆ, ಅದು ತಪ್ಪಿದರೆ ಪೋಲೀಸು ಇಲಾಖೆಯ ಮೇಲೆ. ಸೈನ್ಯದ ಭರ್ತಿಯಲ್ಲಿ 1.6 ಕಿಲೋಮೀಟರ್ ದೂರವನ್ನು ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ ಓಟದ ಪೂರ್ಣ 60 ಅಂಕ. ಅದರಾಚೆ ಒಂದೊಂದು ಕ್ಷಣಕ್ಕೂ ಬೆಲೆ ತೆರಬೇಕು. ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ ಸೈನಿಕನ ಬದುಕು ಈ ಜಿಲ್ಲೆಯ ಮಕ್ಕಳಿಗೆ ಅಪರಿಚಿತವಲ್ಲ. 2022ರಲ್ಲಿ ಅಗ್ನಿಪಥ ಯೋಜನೆ ಬಂದಮೇಲೆ ಸೇವೆಯ ಅವಧಿ ನಾಲ್ಕೇ ವರ್ಷವಾಗಿ, ಅನಂತರ ನಾಲ್ವರಲ್ಲಿ ಒಬ್ಬನಿಗಷ್ಟೇ ಮುಂದುವರಿಯುವ ಅವಕಾಶವೆಂದಾಯಿತು. ಆದರೂ ನಸುಕಿನ ಓಟ ನಿಂತಿಲ್ಲ. ಮನೆಯಲ್ಲಿ ಮದುವೆಗೆ ಬಂದ ತಂಗಿ, ಸೊಸಾಯಿಟಿಯ ಸಾಲ, ಮಳೆಯನ್ನು ನಂಬಿದ ಹೊಲ, ಇವೆಲ್ಲ ಆ ಐದೂವರೆ ನಿಮಿಷಗಳ ಹಿಂದೆ ನಿಂತಿರುತ್ತವೆ.

ಹುಕ್ಕೇರಿಯಿಂದ ಗೋಕಾಕದತ್ತ ಸಾಗಿದಂತೆ ಬಂಡೆಗುಡ್ಡಗಳು ಎದ್ದುನಿಲ್ಲುತ್ತವೆ. ಹಿಡಕಲ್ಲಿನ ಜಲಾಶಯವನ್ನು ದಾಟಿ ಬಂದ ಘಟಪ್ರಭೆ, ಗೋಕಾಕ ಊರಿಗೆ ಸುಮಾರು 6 ಕಿಲೋಮೀಟರ್ ಈಚೆಗೆ, ಕುದುರೆಲಾಳದ ಆಕಾರದ ಬಂಡೆಯಂಚಿನಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಶ್ರಾವಣದಲ್ಲಿ ನೋಡಿದವರಿಗೆ ಪುಷ್ಯದ ಜಲಪಾತ ಗುರುತೇ ಸಿಗದು. ಅಬ್ಬರವೆಲ್ಲ ಇಳಿದು ಬಂಡೆಯ ಎಲುಬುಗಳು ಕಾಣುತ್ತಿರುತ್ತವೆ. ಜಲಪಾತದ ಬಲವನ್ನು ನೆಚ್ಚಿ 1880ರ ದಶಕದಲ್ಲಿ ಇಲ್ಲಿ ನೂಲಿನ ಗಿರಣಿ ಎದ್ದಿತು. ದಶಕಗಟ್ಟಲೆ ಗಿರಣಿಯ ಭೋಂಗಾ ಕೇಳಿ ಸುತ್ತಣ ಹಳ್ಳಿಗಳವರು ಹೊತ್ತು ತಿಳಿದರು. ಬೆಳಗಿನ ಪಾಳಿಯ ಕೆಲಸಗಾರರು ಕತ್ತಲಲ್ಲೇ ಬುತ್ತಿಗಂಟು ಹಿಡಿದು ಸರಸರನೆ ನಡೆದರು. ವ್ಯಾಯಾಮವೆಂಬ ಹೆಸರನ್ನು ಅವರು ಅದಕ್ಕೆ ಕೊಡಲಿಲ್ಲ. ಚಳಿಗಾಲದಲ್ಲಿ ದಿನಕ್ಕೆ ನಾಲ್ಕಾರು ಮೈಲಿ ಕಾಲು ಸವೆಸಿದರು, ಅಷ್ಟೆ.

ಹೆಸರಿಟ್ಟು ಮಾಡುವ ವ್ಯಾಯಾಮ ಗರಡಿಮನೆಯದು. ಈ ಕಡೆಯವರು ಅದನ್ನು ತಾಲೀಮು ಎಂದೂ ಕರೆಯುತ್ತಾರೆ. ಕೊಲ್ಲಾಪುರ ಹತ್ತಿರವಿರುವುದರಿಂದ ಕುಸ್ತಿಯ ಹುಚ್ಚು ಈ ಮೂರೂ ಊರುಗಳಿಗೆ ಹಿಂದಿನಿಂದಲೂ ಇದೆ. ಮಾಗಿಯಲ್ಲಿ ಸಾಮು ಮಾಡಿದ ಮೈ ವರ್ಷವೆಲ್ಲ ಉಳಿಯುತ್ತದೆಂದು ಉಸ್ತಾದರು ಹೇಳುವುದುಂಟು. ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಮೇಲೆ ಬೆಳಗಿನ ನಾಲ್ಕಕ್ಕೇ ದಂಡ ಬೈಠಕ್ಕುಗಳು ಆರಂಭವಾಗುತ್ತವೆ. ಬಾಗಿಲು ತೆರೆದರೆ ಹೊರಗೆ ಕೊರೆಯುವ ಚಳಿ, ಒಳಗೆ ಬೆವರಿನ ಉಗಿ.

ಇನ್ನು ಗೋಕಾಕಕ್ಕೆ ಬಂದು ಕರದಂಟಿನ ಮಾತೆತ್ತದೆ ಹೋಗುವುದು ಅನ್ಯಾಯ. ಅದನ್ನು ಬರಿಯ ಸಿಹಿತಿಂಡಿಯೆಂದು ತಿಳಿದವರು ಅದರ ಹುಟ್ಟನ್ನು ಅರಿಯರು. ತುಪ್ಪದಲ್ಲಿ ಕರಿದು ಅರಳಿಸಿದ ಅಂಟು, ಒಣಕೊಬ್ಬರಿ, ಬದಾಮಿ, ಗೋಡಂಬಿ, ಉತ್ತತ್ತಿ, ಗಸಗಸೆಗಳನ್ನು ಬೆಲ್ಲದ ಪಾಕದಲ್ಲಿ ಕೂಡಿಸಿ ಮಾಡಿದ ಈ ತಿನಿಸು ಥಂಡಿಗೆ ಮೈ ಕಾಯುವ ಆಹಾರ. ಬಾಣಂತಿಯರ ಅಂಟಿನುಂಡೆಗೆ ಹತ್ತಿರದ ನೆಂಟ. ಬೆರಳುದ್ದದ ಒಂದು ತುಂಡಿನಲ್ಲಿ ಒಂದು ಗಂಟೆಯ ಓಟಕ್ಕೆ ಬೇಕಾದ ಕಸುವಿನ ಒಳ್ಳೆಯ ಪಾಲು ಅಡಗಿದೆ. ಆದರೆ ಓಡುವ ಹುಡುಗರೆಲ್ಲರಿಗೂ ಬದಾಮಿ ಗೋಡಂಬಿಗಳ ಬೆಲೆ ಎಟಕುವುದಿಲ್ಲ. ಅವರ ಕರದಂಟು ಹುರಿದ ಶೇಂಗಾ ಮತ್ತು ಬೆಲ್ಲ. ಸಂಕ್ರಮಣದ ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬೆಣ್ಣೆ, ಬದನೆಯ ಪಲ್ಯ. ಜೋಳ ಹಾಲುಗಟ್ಟಿದಾಗ ಹೊಲದಲ್ಲೇ ಸುಟ್ಟ ಸೀತನಿ. ಎಳ್ಳು, ಸಜ್ಜೆ, ಶೇಂಗಾ, ಬೆಲ್ಲ ಎಲ್ಲವೂ ಥಂಡಿಯ ದಿನಗಳಿಗೇ ಮೀಸಲಾಗಿ ಬರುವುದನ್ನು ನೋಡಿದರೆ, ಪಂಚಾಂಗ ಬರೆದವನು ಅಡಿಗೆಮನೆಯನ್ನು ಕೇಳಿಯೇ ಬರೆದಿರಬೇಕು ಎನಿಸುತ್ತದೆ.

ಗೋಕಾಕವನ್ನು ಬಿಟ್ಟು ಮೂಡಲಗಿಯ ದಾರಿ ಹಿಡಿದರೆ ಕಬ್ಬಿನ ರಾಜ್ಯ ಆರಂಭ. ಮೂಡಲಗಿ ಶಿವಬೋಧರಂಗರ ಮಠದಿಂದ ಹೆಸರಾದ ಊರು. ಬಹುಕಾಲ ಗೋಕಾಕ ತಾಲ್ಲೂಕಿನಲ್ಲಿದ್ದು ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾಗಿದೆ. ಚಳಿಗಾಲವೆಂದರೆ ಇಲ್ಲಿ ಮೈಮುದುಡಿ ಕೂಡುವ ಕಾಲವಲ್ಲ. ಕಾರ್ಖಾನೆಗಳು ಹೊಗೆಯಾಡುತ್ತವೆ, ಕಬ್ಬು ಕಡಿಯುವ ಗ್ಯಾಂಗುಗಳು ಊರೂರಿಂದ ಬಂದು ಹೊಲಗಳಲ್ಲಿ ಗುಡಿಸಲು ಹೂಡಿರುತ್ತವೆ. ಇಬ್ಬನಿಯಿಂದ ತೊಯ್ದ ರವದಿಯಲ್ಲಿ ಮೊಳಕಾಲುದ್ದ ನಿಂತು, ಅಂಗೈ ಬಿರಿದಿದ್ದರೂ ಕೊಯ್ತ ಬೀಸುವ ಹೆಣ್ಣುಮಕ್ಕಳ ಮುಂದೆ ಯಾವ ಕ್ರೀಡಾಪಟುವಿನ ಚಳಿಯ ಸಾಹಸವೂ ದೊಡ್ಡದಲ್ಲ. ಬೆಲ್ಲದ ಗಾಣದ ಕೊಪ್ಪರಿಗೆಯ ಬಳಿ ಮಾತ್ರ ಬೆಚ್ಚಗೆ. ಓಟ ಮುಗಿಸಿದ ಹುಡುಗರಿಗೆ ಒಂದು ಲೋಟ ಕಬ್ಬಿನ ಹಾಲನ್ನೋ, ಎಲೆಯ ಮೇಲಿಷ್ಟು ಬಿಸಿ ಕಾಕಂಬಿಯನ್ನೋ ಅಲ್ಲಿ ಯಾರೂ ಇಲ್ಲವೆನ್ನುವುದಿಲ್ಲ.

ಮೂಡಲಗಿ ತಾಲ್ಲೂಕಿನಲ್ಲೇ ಪಟಗುಂದಿ ಎಂಬ ಹಳ್ಳಿಯಿದೆ. ನಕಾಶೆಯಲ್ಲಿ ಒಂದು ಚುಕ್ಕೆ. ದಾರಿಹೋಕರು ನಿಲ್ಲುವ ಕಾರಣವೂ ಇಲ್ಲ. ಆದರೆ ಒಲಿಂಪಿಕ್ ಕ್ರೀಡೆಗಳ ಚರಿತ್ರೆಯಲ್ಲಿ ಭಾರತದ ಮೊದಲ ತಂಡದ ಹೆಸರುಗಳನ್ನು ಹುಡುಕುವವರು ಬಂದು ಮುಟ್ಟಬೇಕಾದ ಊರುಗಳಲ್ಲಿ ಅದೂ ಒಂದು. ಫಡೆಪ್ಪ ದರೆಪ್ಪ ಚೌಗುಲೆ ಅಲ್ಲಿಯವರು. ಹಿಂದಿನ ಗ್ರಾಮಾಡಳಿತದಲ್ಲಿ ಪಾಟೀಲನಿಗೆ ಸಹಾಯಕನಾಗಿದ್ದವನು ಚೌಗುಲೆ. ಆ ಹುದ್ದೆಯ ಹೆಸರೇ ಮನೆತನದ ಹೆಸರಾದದ್ದು ಈ ಭಾಗದಲ್ಲಿ ಸಾಮಾನ್ಯ.

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟವನ್ನು ಅದರ ಅಧ್ಯಕ್ಷರಾದ ದೊರಾಬ್ಜಿ ಟಾಟಾ ನೋಡುತ್ತಿದ್ದರು. ಓಡಿದವರು ಬಹುಮಟ್ಟಿಗೆ ರೈತರ ಮಕ್ಕಳು. ಕಾಲಿಗೆ ಬೂಟಿಲ್ಲ, ಪದ್ಧತಿಯ ಶಿಕ್ಷಣವಿಲ್ಲ, ತಿನ್ನುವ ಅನ್ನವೂ ಅಷ್ಟಕ್ಕಷ್ಟೆ. ಆದರೂ ಅವರು ಓಡಿದ ವೇಗ ಯುರೋಪಿನವರ ವೇಗಕ್ಕೆ ಬಹಳ ಹಿಂದೆ ಬಿದ್ದಿರಲಿಲ್ಲ. ಇಂಥವರನ್ನು ಒಲಿಂಪಿಕ್ ಕ್ರೀಡೆಗಳಿಗೆ ಕಳುಹಿಸಬಾರದೇಕೆ ಎಂಬ ಯೋಚನೆ ಟಾಟಾ ಅವರಿಗೆ ಬಂದದ್ದು ಅಲ್ಲಿ. ಹಣ ಕೂಡಿಸಿದರು, ಸರಕಾರದೊಡನೆ ಮಾತಾಡಿದರು. ಮರುವರ್ಷ ಓಟಗಾರರು ಮತ್ತು ಇಬ್ಬರು ಕುಸ್ತಿಯವರನ್ನೊಳಗೊಂಡ ಚಿಕ್ಕ ತಂಡವೊಂದು ಸಮುದ್ರ ದಾಟಿ ಬೆಲ್ಜಿಯಮ್ಮಿನ ಆಂಟ್ವರ್ಪಿಗೆ ಹೋಯಿತು. ಅದರಲ್ಲಿ ಚೌಗುಲೆ ಇದ್ದರು.

1920ರ ಆಗಸ್ಟ್ 22ರಂದು ಅಲ್ಲಿ ಮ್ಯಾರಥಾನ್ ಓಟ. ತಂಪು ಹವೆ, ಮೇಲೆ ಮಳೆ. ಇಂದು ಮ್ಯಾರಥಾನಿನ ದೂರ 42.195 ಕಿಲೋಮೀಟರ್ ಎಂದು ನಿಶ್ಚಿತವಾಗಿದೆ. ಆಂಟ್ವರ್ಪಿನವರು ಹಾಕಿದ ದಾರಿ ಅದಕ್ಕಿಂತ ಉದ್ದ, 42.75 ಕಿಲೋಮೀಟರ್. ಒಲಿಂಪಿಕ್ ಇತಿಹಾಸದಲ್ಲೇ ಅಷ್ಟು ದೂರದ ಮ್ಯಾರಥಾನ್ ಇನ್ನೊಂದಿಲ್ಲ. ಗೆದ್ದವನು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್. 1912ರ ಸ್ಟಾಕ್‌ಹೋಮ್ ಕ್ರೀಡೆಗಳಲ್ಲಿ ಮೂರು ಸ್ವರ್ಣಪದಕ ಗೆದ್ದಿದ್ದ ವೀರ. ಅವನ ನಾಡಿನಲ್ಲಿ ವರ್ಷದ ಹಲವು ತಿಂಗಳು ನೆಲ ಹಿಮದಡಿಯಲ್ಲಿರುತ್ತದೆ. ಓಡಲು ದಾರಿಯಿಲ್ಲದಾಗ ಅಲ್ಲಿಯವರು ಕಾಲಿಗೆ ಜಾರುಹಲಗೆ ಕಟ್ಟಿಕೊಂಡು ಕಾಡುಗಳ ನಡುವೆ ಮೈಲಿಗಟ್ಟಲೆ ಸಾಗಿ ಎದೆಯ ಕಸುವನ್ನು ಉಳಿಸಿಕೊಳ್ಳುತ್ತಾರೆ. ಅವನಿಗಿಂತ ಹದಿಮೂರು ಸೆಕೆಂಡಿನಷ್ಟೇ ಹಿಂದೆ ಬಂದವನು ಎಸ್ಟೋನಿಯದ ಯೂರಿ ಲೋಸ್ಮನ್. ಚಳಿನಾಡಿನ ಇಂಥವರ ನಡುವೆ, ಬಿಸಿಲನಾಡಿನ ಪಟಗುಂದಿಯ ತರುಣ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಟ ಮುಗಿಸಿ 19ನೆಯವನಾಗಿ ಬಂದರು. ಗೆದ್ದವನಿಗೂ ಅವರಿಗೂ ನಡುವೆ ಇದ್ದದ್ದು ಸುಮಾರು 18 ನಿಮಿಷ. ಜೊತೆಗೆ ಹೊರಟಿದ್ದ ಇನ್ನೊಬ್ಬ ಭಾರತೀಯ, ಸದಾಶಿವ ದಾತಾರ, ಓಟವನ್ನು ಪೂರೈಸಲಾಗಲಿಲ್ಲ.

19ನೆಯ ಸ್ಥಾನವೆಂದು ಮೂಗು ಮುರಿಯುವವರು ಸ್ವಲ್ಪ ಲೆಕ್ಕ ಮಾಡಬೇಕು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ, ಒಂದು ಕಿಲೋಮೀಟರಿಗೆ ನಾಲ್ಕು ನಿಮಿಷದಂತೆ, ಮೂರು ಗಂಟೆಗೆ ಹತ್ತು ನಿಮಿಷ ಕಡಮೆ ಎಡೆಬಿಡದೆ ಓಡುವುದು. ಅದೂ ನೂರು ವರ್ಷಕ್ಕೂ ಹಿಂದೆ, ಕಲ್ಲುಹಾಸಿನ ಪರದೇಶದ ದಾರಿಯಲ್ಲಿ, ಮಳೆಯಲ್ಲಿ ತೊಯ್ದು. ಇಂದು ಒಳ್ಳೆಯ ಬೂಟು ಧರಿಸಿ, ಕೈಗಡಿಯಾರ ನೋಡಿಕೊಂಡು ಬೆಂಗಳೂರು ಮುಂಬಯಿಗಳ ಮ್ಯಾರಥಾನುಗಳಲ್ಲಿ ಓಡುವ ಸಾವಿರಾರು ಹವ್ಯಾಸಿಗಳಲ್ಲಿ ಆ ವೇಗವನ್ನು ಮುಟ್ಟುವವರು ಬೆರಳೆಣಿಕೆಯಷ್ಟು.

ಈ ಸೀಮೆ ತನ್ನ ಸಾಹಿತಿಗಳನ್ನು ಮರೆತಿಲ್ಲ. ಬೆಟಗೇರಿ ಕೃಷ್ಣಶರ್ಮರು, ಬಸವರಾಜ ಕಟ್ಟೀಮನಿಯವರು ಗೋಕಾಕ ತಾಲ್ಲೂಕಿನ ಹಳ್ಳಿಗಳಿಂದ ಬಂದವರೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ, ಹೇಳಬೇಕಾದುದೇ. ಆದರೆ ಮೂಡಲಗಿಯ ದಾರಿಯಲ್ಲಿ ನಸುಕಿನಲ್ಲಿ ಓಡುವ ಹುಡುಗರಲ್ಲಿ, ಇದೇ ಮಣ್ಣಿನವನೊಬ್ಬ ಆಂಟ್ವರ್ಪಿನಲ್ಲಿ ಓಡಿದನೆಂದು ಬಲ್ಲವರು ವಿರಳ. ಜಮೈಕದ ಬೋಲ್ಟನ ಹೆಸರು ಎಲ್ಲರ ಬಾಯಲ್ಲಿದೆ. ಅದರಲ್ಲಿ ತಪ್ಪಿಲ್ಲ, ಆದರೆ ತನ್ನ ತಾಲ್ಲೂಕಿನ ನೆಲದಲ್ಲಿ ಓಡಿ ಬೆಳೆದವನ ಹೆಸರು ಕಾಲಿಗೆ ಕೊಡುವ ಬಲವೇ ಬೇರೆ.

ಚೌಗುಲೆಯವರು ಕಂಡದ್ದು ಮಳೆಯ ಚಳಿ. ಇಂದಿನ ಹುಡುಗರಲ್ಲಿ ಆಯ್ಕೆಯಾದವರು ಕಾಣಬೇಕಾದುದು ಹಿಮವನ್ನೇ, ಕವಿಸಮಯದ್ದಲ್ಲದ ನಿಜವಾದ ಹಿಮವನ್ನು. ನೆರೆಯ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಕಥೆ ಈ ಭಾಗದಲ್ಲಿ ಪ್ರತಿ ಮನೆಗೂ ಗೊತ್ತು. 2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಠಾಣೆಯೊಂದರ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮದ ಗೋಡೆಯೇ ಕುಸಿದು ಹತ್ತು ಜನ ಯೋಧರು ಹೂತುಹೋದರು. ಆರನೆಯ ದಿನ ಅಗೆದಾಗ ಹನುಮಂತಪ್ಪ ಒಬ್ಬರಲ್ಲಿ ಇನ್ನೂ ಉಸಿರಿತ್ತು. ದೇಶವೇ ಕೈಮುಗಿದು ನಿಂತಿತು; ಫೆಬ್ರುವರಿ 11ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವ ಆ ಎತ್ತರದಲ್ಲಿ ಓಡುವ ಮಾತೇ ಇಲ್ಲ. ಹತ್ತು ಹೆಜ್ಜೆ ಇಟ್ಟು ನಿಂತು ಉಸಿರು ಹಿಡಿಯಬೇಕು. ಹುಕ್ಕೇರಿಯ ಬೆಂಕಿಯ ಪಕ್ಕ ಕುಳಿತ ಹಿರಿಯರು ಹುಡುಗರನ್ನು ಕೂಗಿ ಕರೆಯುವುದರಲ್ಲಿ ಚಳಿಯ ಕನಿಕರ ಮಾತ್ರವಲ್ಲದೆ ಈ ನೆನಪೂ ಇರಬಹುದು.

ಅಷ್ಟು ದೂರದ ಅಪಾಯ ಹಾಗಿರಲಿ, ಹತ್ತಿರದ್ದೂ ಇದೆ, ಅದು ಚಳಿಯದಲ್ಲ. ಕಬ್ಬಿನ ಹಂಗಾಮು ಮತ್ತು ಓಟದ ಹಂಗಾಮು ಒಂದೇ ಆಗಿರುವುದು ಈ ದಾರಿಯ ದುರ್ದೈವ. ಒಂದರ ಹಿಂದೊಂದು ಎರಡು ಟ್ರೇಲರುಗಳನ್ನು ಕಟ್ಟಿಕೊಂಡು, ಅಗಲಕ್ಕೂ ಎತ್ತರಕ್ಕೂ ಮಿತಿಯಿಲ್ಲದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಗಳತ್ತ ಸಾಗುತ್ತಿರುತ್ತವೆ. ಎಷ್ಟೋ ಟ್ರೇಲರುಗಳ ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಚಾಲಕನ ಕಿವಿಗೆ ಹಾಡಿನ ಅಬ್ಬರ. ಮಂಜಿನಲ್ಲಿ ಅವುಗಳನ್ನು ತಪ್ಪಿಸಲು ಇನ್ನೊಂದು ವಾಹನ ಪಕ್ಕಕ್ಕೆ ಹೊರಳಿದರೆ, ಆ ಪಕ್ಕದಲ್ಲೇ ಕಪ್ಪು ಚಡ್ಡಿಯ ಹುಡುಗ ಓಡುತ್ತಿರುತ್ತಾನೆ. ಎದುರಿನಿಂದ ಬರುವ ವಾಹನಕ್ಕೆ ಮುಖಮಾಡಿ ದಾರಿಯ ಬಲಬದಿಯಲ್ಲಿ ಓಡಬೇಕು, ಬಿಳಿಯ ಅಂಗಿ ತೊಡಬೇಕು, ಕಿವಿಯಲ್ಲಿ ಹಾಡಿನ ತಂತಿ ಸಿಕ್ಕಿಸಿಕೊಳ್ಳಬಾರದು ಎಂಬ ಸಣ್ಣ ತಿಳಿವಳಿಕೆಯನ್ನು ಯಾರಾದರೂ ಹೇಳಿಕೊಟ್ಟಿದ್ದರಲ್ಲವೆ!

ಇನ್ನೊಂದು ಹೊಗೆ. ಕಬ್ಬು ಕಡಿದಾದ ಮೇಲೆ ರವದಿಗೆ ಬೆಂಕಿಯಿಡುತ್ತಾರೆ. ಚಳಿಗಾಲದ ನಸುಕಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಹೀಗೆ ತಲೆಕೆಳಗಾದಾಗ ಹೊಗೆ ಮೇಲೇಳಲಾರದೆ ಮುಚ್ಚಳ ಹಾಕಿದಂತೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಓಡುವವನು ನಿಂತವನ ಎಷ್ಟೋ ಪಾಲು ಗಾಳಿಯನ್ನು ಎದೆಗೆಳೆದುಕೊಳ್ಳುತ್ತಾನಾದ್ದರಿಂದ ಹೊಗೆಯನ್ನೂ ಅಷ್ಟೇ ಕುಡಿಯುತ್ತಾನೆ. ರವದಿಯನ್ನು ಸುಡದೆ ಹೊಲದಲ್ಲೇ ಹೊದಿಸಿ ಕೊಳೆಸಿದರೆ ನೆಲಕ್ಕೆ ಗೊಬ್ಬರವಾಗುತ್ತದೆ, ತೇವ ಉಳಿಯುತ್ತದೆ ಎಂದು ಕೃಷಿಪಂಡಿತರು ಹೇಳುತ್ತ ಬಂದಿದ್ದಾರೆ. ಹಾಗೆ ಮಾಡುವ ರೈತರೂ ಇದ್ದಾರೆ, ಆದರೆ ಬೆಂಕಿಕಡ್ಡಿಯಷ್ಟು ಅಗ್ಗದ ಉಪಾಯ ಬೇರೆಯಿಲ್ಲವಲ್ಲ!

ಓಡುವವರಿಗೆ ಬೇಕಾದುದು ದೊಡ್ಡ ಕ್ರೀಡಾಂಗಣವೇನಲ್ಲ. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆಯೆಳೆದು 400 ಮೀಟರಿನ ಒಂದು ಸುತ್ತು ಮಾಡಿ, ನಸುಕಿನ ಐದಕ್ಕೆ ಗೇಟಿನ ಬೀಗ ತೆಗೆದು, ಒಂದು ದೀಪ ಹಚ್ಚಿದರೆ ಸಾಕು; ನಾಲ್ಕು ಸುತ್ತಿಗೆ ಭರ್ತಿಯ ಓಟದ ದೂರ ಮುಗಿಯಿತು. ಅದು ಆಗುವವರೆಗೆ ಮೂಡಲಗಿಯ ಕಡೆಯ ಹುಡುಗರು ತಾವೇ ಒಂದು ದಾರಿ ಕಂಡುಕೊಂಡಿದ್ದಾರೆ. ಧೂಪದಾಳದಿಂದ ಹೊರಟ ಘಟಪ್ರಭೆಯ ಎಡದಂಡೆ ಕಾಲುವೆಯ ಏರಿಯ ಮೇಲೆ ಟ್ರ್ಯಾಕ್ಟರುಗಳ ಕಾಟ ಕಡಮೆ, ಮಣ್ಣು ಮೆತ್ತಗೆ, ದಾರಿ ಸಮ. ಕಾಲು ತಪ್ಪಿದರೆ ಮಾತ್ರ ಕಾಲುವೆಯ ತಣ್ಣೀರು. ಆದ್ದರಿಂದ ಮುಂದಿನವನ ಕೈಯಲ್ಲಿ ಒಂದು ಬ್ಯಾಟರಿ ಇರುತ್ತದೆ. ಉಳಿದವರು ಆ ಬೆಳಕಿನ ಹಿಂದೆ ಸಾಲಾಗಿ, ಒಬ್ಬನ ಹೆಜ್ಜೆಯ ಸದ್ದಿಗೆ ಇನ್ನೊಬ್ಬ ಹೆಜ್ಜೆ ಕೂಡಿಸುತ್ತ ಓಡುತ್ತಾರೆ. ಏಳರ ಹೊತ್ತಿಗೆ ಜೋಳದ ತೆನೆಗಳ ಮೇಲೆ ಬಿಸಿಲು ಬೀಳುತ್ತದೆ, ಬ್ಯಾಟರಿ ಆರುತ್ತದೆ. ಎಂಟಕ್ಕೆಲ್ಲ ಅವರಲ್ಲಿ ಅರ್ಧದಷ್ಟು ಜನ ಕೊಯ್ತ ಹಿಡಿದು ಅಪ್ಪಂದಿರ ಜೊತೆ ಕಬ್ಬಿನ ಹೊಲದಲ್ಲಿರುತ್ತಾರೆ.